ಕೊಳವೆಯೂ ಬೆಸುಗೆಯೂ

ತಾಮ್ರದ ನೀರುಕೊಳವೆ ಹೊಸ ಕಾಲದ್ದೆಂದು ಭಾವಿಸುವುದುಂಟು. ಆದರೆ ಈಜಿಪ್ಟಿನ ಅಬೂಸೀರಿನಲ್ಲಿ, ಕ್ರಿಸ್ತಪೂರ್ವ 25ನೆಯ ಶತಮಾನದ ದೊರೆ ಸಹುರೆಯ ಪಿರಮಿಡ್ ದೇಗುಲದಲ್ಲಿ, ಜರ್ಮನಿಯ ಬೋರ್ಕಾರ್ಟ್ 1907-08ರಲ್ಲಿ ಅಂಥದನ್ನು ಅಗೆದು ತೆಗೆದನು. ತಾಮ್ರದ ತಗಡನ್ನು ಬಡಿದು ಬಾಗಿಸಿ, ಅಂಚಿನ ಮೇಲೆ ಅಂಚು ಕೂರಿಸಿ, ಕಲ್ಲಿನ ತೋಡಿನಲ್ಲಿಟ್ಟು ಗಾರೆ ಮೆತ್ತಿದ್ದರು. ಅದು ಕೊಳೆನೀರಿನ ದಾರಿ.

ಕುಡಿಯುವ ನೀರಿಗೆ ರೋಮನರು ಬಳಸಿದ್ದು ಸೀಸವನ್ನು. ಅದು ಆರೋಗ್ಯಕ್ಕೆ ಕೇಡೆಂದು ವಿಟ್ರೂವಿಯಸ್ ಆಗಲೇ ಎಚ್ಚರಿಸಿದ್ದನು. 20ನೆಯ ಶತಮಾನದಲ್ಲಿ ಅನೇಕ ದೇಶಗಳ ಮನೆಗಳಿಗೆ ತಾಮ್ರ ಬಂದಿತು. ಆದರೂ ಕೊಳವೆಗಳನ್ನು ಕೂಡಿಸುವ ಬೆಸುಗೆಯಲ್ಲಿ ಬಹುವೇಳೆ ಅರ್ಧದಷ್ಟು ಸೀಸವೇ ಉಳಿಯಿತು. ಕುಡಿಯುವ ನೀರಿನ ಕೊಳವೆಗೆ ಅಂಥ ಬೆಸುಗೆಯನ್ನು ಅಮೆರಿಕ ನಿಷೇಧಿಸಿದ್ದು 1986ರಲ್ಲಿ. ಈಗ ಆ ಜಾಗದಲ್ಲಿ ಹೆಚ್ಚಾಗಿ ತವರವಿದೆ. ಕೊಳವೆ ಕೊಳ್ಳುವವರು ಬೆಸುಗೆಯ ಲೋಹವನ್ನೂ ವಿಚಾರಿಸುವುದು ಒಳ್ಳೆಯದು.