ಪರ್ಮಾಫ್ರಾಸ್ಟ್

ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನ ಮೇಲೇರದ ನೆಲವೇ ಪರ್ಮಾಫ್ರಾಸ್ಟ್. 'ಪರ್ಮನೆಂಟ್', 'ಫ್ರಾಸ್ಟ್' ಬೆಸೆದ ಈ ಪದವನ್ನು 1943ರಲ್ಲಿ ಬಳಕೆಗೆ ತಂದವರು ಅಮೆರಿಕದ ಭೂವಿಜ್ಞಾನಿ ಸೈಮನ್ ಮುಲ್ಲರ್. ಮಂಜುಗಡ್ಡೆಯೇ ಇರಬೇಕೆಂದಿಲ್ಲ, ಒಣ ಬಂಡೆಯೂ ಆದೀತು. ಇದರ ನಕ್ಷೆ ಬರೆಯುವುದು ನಿಜಕ್ಕೂ ಕಷ್ಟ. ಉಪಗ್ರಹಕ್ಕೆ ನೆಲದಾಳ ನೇರವಾಗಿ ಕಾಣದು. ಬಾವಿ ಕೊರೆದು ಉಷ್ಣಾಂಶ ಅಳೆಯಬೇಕು. ಮೇಲಿನ ಹೊದಿಕೆಯಿಂದಲೂ ನೆಲದ ಉಷ್ಣಾಂಶ ಬದಲಾಗುತ್ತದೆ: ಹಾವಸೆಯ ಹೊದಿಕೆ ಬೇಸಿಗೆಯ ಬಿಸಿ ತಡೆದು ನೆಲವನ್ನು ತಣ್ಣಗಿಡುತ್ತದೆ. ದಪ್ಪ ಹಿಮವೋ, ಚಳಿಯನ್ನೇ ತಡೆದು ಬೆಚ್ಚಗಿಡುತ್ತದೆ! ಭಾರತಕ್ಕೂ ಇದರ ನಂಟಿದೆ. ಆರ್ಕ್ಟಿಕ್‌ನ ಸ್ವಾಲ್ಬಾರ್ಡ್‌ನಲ್ಲಿ ಕಾಂಗ್ಸ್‌ಫ್ಯೋರ್ಡ್ ದಡದಲ್ಲಿರುವ ನಮ್ಮ 'ಹಿಮಾದ್ರಿ' ಸಂಶೋಧನಾ ಕೇಂದ್ರದ ಸುತ್ತಲ ನೆಲ ಪರ್ಮಾಫ್ರಾಸ್ಟ್. ಕನ್ನಡದಲ್ಲಿ 'ಹೆಪ್ಪುನೆಲ' ಎನ್ನಬಹುದು. ಓದುಗರು ಬಳಸಿ ನೋಡಲಿ.