ಸೋತವರ ಮತಕ್ಕೂ ಬೆಲೆ ಕೇಳಿದವರು: ಕ್ಯಾಥರಿನ್ ಹೆಲೆನ್ ಸ್ಪೆನ್ಸ್



ಚುನಾವಣೆ ಮುಗಿದ ಮೇಲೆ ಗೆದ್ದವರಿಗೆ ಹಾರ ಬೀಳುತ್ತದೆ. ಸೋತವರಿಗೆ ಬಿದ್ದ ಮತಗಳನ್ನು ಎಣಿಸಿ ಬರೆದಿಟ್ಟರೆ ಮುಗಿಯಿತು. ಆ ಮತ ಹಾಕಿದವರ ಪರವಾಗಿ ಸಭೆಯಲ್ಲಿ ಮಾತನಾಡುವವರು ಯಾರು? ಆಸ್ಟ್ರೇಲಿಯಾದ ಕ್ಯಾಥರಿನ್ ಹೆಲೆನ್ ಸ್ಪೆನ್ಸ್ ಸುಮಾರು ಐವತ್ತು ವರ್ಷ ಈ ಪ್ರಶ್ನೆಯನ್ನು ಕೈಬಿಡಲಿಲ್ಲ.

ಅವರು ಹುಟ್ಟಿದ್ದು ಸ್ಕಾಟ್ಲೆಂಡಿನ ಮೆಲ್ರೋಸ್‌ನಲ್ಲಿ, 1825ರ ಅಕ್ಟೋಬರ್ 31ರಂದು. ತಂದೆ ಗೋಧಿ ವ್ಯಾಪಾರದಲ್ಲಿ ಹಣ ಕಳೆದುಕೊಂಡದ್ದರಿಂದ 1839ರಲ್ಲಿ ಕುಟುಂಬ ಹಡಗು ಹತ್ತಿ ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ಸೇರಿತು. ಮರುವರ್ಷ ಆ ಊರಿನ ಮೊದಲ ಪುರಸಭೆಗೆ ಚುನಾವಣೆ ನಡೆಯಿತು. ತಂದೆಯೇ ಪುರಸಭೆಯ ಗುಮಾಸ್ತರಾದರು. ಗೊತ್ತುಪಡಿಸಿದಷ್ಟು ಮತದಾರರು ಒಗ್ಗೂಡಿದರೆ ತಮ್ಮದೇ ಒಬ್ಬ ಸದಸ್ಯನನ್ನು ಕಳಿಸಬಹುದೆಂಬ ನಿಯಮ ಆ ಚುನಾವಣೆಯಲ್ಲಿತ್ತು. ಇದನ್ನು ಸೂಚಿಸಿದವರು ಅಂಚೆ ಸುಧಾರಣೆಗೆ ಹೆಸರಾದ ರೋಲೆಂಡ್ ಹಿಲ್. ನಿಯಮ ಮುಂದೆ ಉಳಿಯಲಿಲ್ಲ. ಸ್ಪೆನ್ಸ್ ಅದನ್ನು ಮರೆಯಲಿಲ್ಲ.

ಹದಿನೇಳರ ವಯಸ್ಸಿಗೇ ಅವರು ಮನೆಪಾಠ ಹೇಳಿ ದುಡಿಯತೊಡಗಿದರು. 1854ರಲ್ಲಿ 'ಕ್ಲಾರಾ ಮಾರಿಸನ್' ಕಾದಂಬರಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಪತ್ರಿಕೆಗೆ ತಮ್ಮ ಸಹೋದರನ ಹೆಸರಿನಲ್ಲಿ ಬರೆದದ್ದೂ ಉಂಟು. 1859ರಲ್ಲಿ ಇಂಗ್ಲೆಂಡಿನ ಥಾಮಸ್ ಹೇರ್ ರೂಪಿಸಿದ್ದ ಚುನಾವಣಾ ಪದ್ಧತಿಯ ಬಗ್ಗೆ ಜಾನ್ ಸ್ಟುವರ್ಟ್ ಮಿಲ್ ಬರೆದ ಲೇಖನ ಅವರ ಕೈಸೇರಿತು. 1861ರಲ್ಲಿ ಆ ಪದ್ಧತಿಯನ್ನು ಸಮರ್ಥಿಸಿ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದರು. ಆಗ ಸ್ವತಃ ಅವರಿಗೇ ಮತ ಹಾಕುವ ಹಕ್ಕಿರಲಿಲ್ಲ!

ಅವರು ಹೇಳಿದ್ದನ್ನು ನಮ್ಮ ಲೆಕ್ಕದಲ್ಲಿ ನೋಡೋಣ. ಒಂದು ಊರಿನಲ್ಲಿ ಸಾವಿರ ಮತದಾರರು, ಮೂರು ಸ್ಥಾನಗಳು. ಆರುನೂರು ಮಂದಿ ಒಂದು ಕಡೆ, ನಾನೂರು ಮಂದಿ ಇನ್ನೊಂದು ಕಡೆ. ಪ್ರತಿಯೊಬ್ಬರೂ ಮೂವರಿಗೆ ಮತ ಹಾಕಿದರೆ ಮೂರೂ ಸ್ಥಾನ ಆರುನೂರು ಮಂದಿಯ ಪಾಲು. ನಾನೂರಕ್ಕೆ ಸೊನ್ನೆ. ಹೇರ್ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಒಂದೇ ಮತ. ಅಭ್ಯರ್ಥಿಗಳ ಮುಂದೆ ಒಂದು, ಎರಡು, ಮೂರು ಎಂದು ಒಲವಿನ ಕ್ರಮ ಬರೆಯಬೇಕು. ಗೆದ್ದವರಿಗೆ ಬೇಕಾದದ್ದಕ್ಕಿಂತ ಹೆಚ್ಚಾದ ಮತಗಳೂ, ಕೊನೆಯಲ್ಲಿ ಉಳಿದವರ ಮತಗಳೂ ಮುಂದಿನ ಹೆಸರಿಗೆ ವರ್ಗವಾಗುತ್ತವೆ. ಆಗ ಆರುನೂರಕ್ಕೆ ಎರಡು, ನಾನೂರಕ್ಕೆ ಒಂದು. ಬಹುಮತದ ಆಡಳಿತಕ್ಕೆ ಧಕ್ಕೆಯಿಲ್ಲ, ಅಲ್ಪಮತದ ಬಾಯಿಗೆ ಬೀಗವೂ ಇಲ್ಲ. ಸ್ಪೆನ್ಸ್ ಇದನ್ನು 'ಫಲ ಕೊಡುವ ಮತದಾನ' ಎಂಬರ್ಥದ ಹೆಸರಿನಿಂದ ಕರೆದರು.

ಇದು ಸಾಮಾನ್ಯರಿಗೆ ಅರ್ಥವಾಗದು ಎಂದು ವಿರೋಧಿಗಳು ಹೇಳಿದರು. ಅದಕ್ಕೆ ಅವರ ಉತ್ತರ ಪ್ರಯೋಗ. 1892ರಿಂದ ಊರೂರಿನ ಸಭೆಗಳಲ್ಲಿ ಮತಚೀಟಿ ಹಂಚಿ, ಜನರಿಂದ ಗುರುತು ಹಾಕಿಸಿ, ಎಣಿಕೆಯ ಫಲ ತೋರಿಸುತ್ತಿದ್ದರು. 1893ರಲ್ಲಿ ಅಮೆರಿಕಕ್ಕೂ ಹೋಗಿ ಭಾಷಣ ಮಾಡಿದರು. 1894ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮಹಿಳೆಯರಿಗೆ ಮತದಾನದ ಹಕ್ಕೂ ಸ್ಪರ್ಧಿಸುವ ಹಕ್ಕೂ ದೊರೆತವು. 1897ರಲ್ಲಿ ಒಕ್ಕೂಟದ ಸಂವಿಧಾನ ರಚಿಸುವ ಸಮಾವೇಶದ ಚುನಾವಣೆಗೆ 71 ವರ್ಷದ ಸ್ಪೆನ್ಸ್ ನಿಂತರು. ಆಸ್ಟ್ರೇಲಿಯಾದ ಮೊದಲ ಮಹಿಳಾ ಅಭ್ಯರ್ಥಿ ಅವರೇ. ಹತ್ತು ಸ್ಥಾನಗಳಿಗೆ 33 ಮಂದಿ ಕಣದಲ್ಲಿದ್ದರು. ಏಳು ಸಾವಿರಕ್ಕೂ ಹೆಚ್ಚು ಮತ ಪಡೆದು 22ನೆಯವರಾಗಿ ಸೋತರು.

ಅವರ ಸ್ವಂತ ಪ್ರಾಂತದ ಶಾಸನಸಭೆ ಅವರ ಜೀವಿತಕಾಲದಲ್ಲಿ ಈ ಪದ್ಧತಿಯನ್ನು ಒಪ್ಪಲಿಲ್ಲ. ಆದರೆ ನೆರೆಯ ಟಾಸ್ಮೇನಿಯಾ ದ್ವೀಪದಲ್ಲಿ 1909ರಲ್ಲಿ ಇಡೀ ರಾಜ್ಯದ ಚುನಾವಣೆ ಹೀಗೆಯೇ ನಡೆಯಿತು. ಅಷ್ಟನ್ನು ಕಂಡು, 1910ರ ಏಪ್ರಿಲ್ 3ರಂದು ಅವರು ತೀರಿಕೊಂಡರು. 1949ರಲ್ಲಿ ಆಸ್ಟ್ರೇಲಿಯಾದ ಸೆನೆಟ್ ಚುನಾವಣೆಗೂ ಆ ತತ್ತ್ವ ಬಂತು. 2001ರಲ್ಲಿ ಐದು ಡಾಲರ್ ನೋಟಿನ ಮೇಲೆ ಅವರ ಚಿತ್ರ ಮೂಡಿತು.

ನಮ್ಮ ದೇಶಕ್ಕೂ ಈ ಪದ್ಧತಿ ಹೊಸದಲ್ಲ. ಶಾಸಕರು ರಾಜ್ಯಸಭೆಯ ಸದಸ್ಯರನ್ನು ಆರಿಸುವುದು ಹೀಗೆ ಒಲವಿನ ಕ್ರಮ ಬರೆದೇ. ಅದಕ್ಕೇ ವಿಧಾನಸಭೆಯ ಸಣ್ಣ ಪಕ್ಷಕ್ಕೂ ಕೆಲವೊಮ್ಮೆ ಒಂದು ಸ್ಥಾನ ದಕ್ಕುತ್ತದೆ. ಆದರೆ ನೀವು ನಾವು ಹಾಕುವ ವಿಧಾನಸಭೆ, ಲೋಕಸಭೆಯ ಮತಕ್ಕೆ ಆ ಲೆಕ್ಕವಿಲ್ಲ. ಅಲ್ಲಿ ಮುಂದಿದ್ದವನೇ ಗೆದ್ದವನು.

ಗಡಿಯ ಹಳ್ಳಿಗಳಲ್ಲಿ ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆ ಆಡುವ ನಮಗೆ ಸಂಖ್ಯೆ ಕಡಿಮೆ ಎಂಬ ಮಾತು ಹೊಸದಲ್ಲ. ಕಡಿಮೆ ಇರುವವರಿಗೆ ಅವರ ಪಾಲಿನಷ್ಟು ಮಾತು ಸಲ್ಲಬೇಕು. ಅದು ದಯೆಯಲ್ಲ, ಲೆಕ್ಕ ಎಂಬುದೇ ಸ್ಪೆನ್ಸ್ ಅವರ ಬದುಕಿನ ವಾದ.