ರಾತ್ರಿಯಿಡೀ ಬೆಂಕಿ ಕಾಯೋರು ಯಾರು?

1/8
ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ಮನೆಯಲ್ಲಿ ಕೊನೆಯ ಸಲ ಯಾರಾದ್ರೂ ಇಡೀ ರಾತ್ರಿ ಬೆಂಕಿ ಮುಂದೆ ಎದ್ದು ಕೂತಿದ್ದು ಯಾವಾಗ? ಅಡಿಕೆ ಬೇಯಿಸುವಾಗ? ಆಲೆಮನೆಯಲ್ಲಿ? ಮದುವೆ ಮನೆ ಹಿಂದೆ, ಅಡುಗೆ ಭಟ್ಟರ ಒಲೆ ಹತ್ರ?

ಫೋಟೊದಲ್ಲಿ ಇರೋದು ಸ್ಮೋಕರ್. ಅಮೆರಿಕದ ಟೆಕ್ಸಾಸ್ ಕಡೆ ಇದು ತುಂಬಾ ಮಾಮೂಲಿ ವಸ್ತು. ಉದ್ದನೆಯ ಕಬ್ಬಿಣದ ಪೀಪಾಯಿ, ಒಂದು ತುದಿಯಲ್ಲಿ ಸೌದೆ ಉರಿಯೋ ಗೂಡು, ಇನ್ನೊಂದು ತುದಿಯಲ್ಲಿ ಹೊಗೆ ಕೊಳವೆ, ನಡುವೆ ಮಾಂಸ. ಉರಿ ಮಾಂಸಕ್ಕೆ ತಾಗೋದೇ ಇಲ್ಲ, ಬಿಸಿಗಾಳಿ ಮತ್ತು ಹೊಗೆ ಮಾತ್ರ ತಾಗುತ್ತೆ. ನಮ್ಮ ಊರಿನ ಹೋಟೆಲ್‌ಗಳಲ್ಲಿ ಟೇಬಲ್ ಮಧ್ಯೆ ಕೆಂಡ ಇಟ್ಟು ಕಡ್ಡಿಗೆ ಚುಚ್ಚಿ ಸುಡ್ತಾರಲ್ಲ, ಅದೇ ಬೇರೆ, ಇದೇ ಬೇರೆ.

ಈ ಸ್ಮೋಕರ್ ಪಕ್ಕದಲ್ಲಿ ಮುಷ್ಟಿಗಾತ್ರದ ಒಂದು ಫ್ಯಾನ್ ಇದೆ, ನೋಡಿ. ಒಳಗಡೆ ತಂತಿಯ ತುದಿಯಲ್ಲಿ ಸೆನ್ಸರ್ ಇದೆ. ಯಜಮಾನ ಮನೆಯೊಳಗೆ ಮಲಗಿದ್ದಾನೆ, ದಿಂಬಿನ ಪಕ್ಕ ಫೋನ್. ಬಿಸಿ ಇಳಿದರೆ ಫ್ಯಾನ್ ತಾನಾಗೇ ಗಾಳಿ ಊದುತ್ತೆ. ತೀರಾ ಹೆಚ್ಚುಕಮ್ಮಿ ಆದ್ರೆ ಫೋನ್ ಕಿರುಚುತ್ತೆ. ಅವನು ಹಾಸಿಗೆಯಲ್ಲೇ ಬೆರಳು ಸರಿಸಿ, ಐದು ಡಿಗ್ರಿ ಏರಿಸಿ, ಮಗ್ಗುಲು ಬದಲಾಯಿಸಿ ಮಲಗ್ತಾನೆ.

ಗ್ಯಾಜೆಟ್ ರಿವ್ಯೂ ಬೇಕಿದ್ರೆ ಬೇಕಾದಷ್ಟು ಕಡೆ ಸಿಗುತ್ತೆ. ನಾನು ಹೇಳೋದು, ಆ ಮನುಷ್ಯನಿಗೆ ಈ ನಿದ್ದೆ ಎಲ್ಲಿಂದ ಬಂತು ಅನ್ನೋ ಕಥೆ. ಮಾಂಸ ತಿನ್ನೋರು, ತಿನ್ನದವರು ಇಬ್ಬರೂ ಓದಿ. ಇದು ಬೆಂಕಿ ಕಾಯೋರ ಇತಿಹಾಸ.

2/8
ಮೊದಲು, ರಾತ್ರಿಯಿಡೀ ಯಾಕೆ ಕಾಯಬೇಕು?

ಟೆಕ್ಸಾಸ್ ಬಾರ್ಬೆಕ್ಯೂನಲ್ಲಿ ದೊಡ್ಡ ಹೆಸರು ಬ್ರಿಸ್ಕೆಟ್. ಅಂದ್ರೆ ದನದ ಎದೆಭಾಗದ ಮಾಂಸ. ಪ್ರಾಣಿಯ ಭಾರ ಹೊರೋ ಜಾಗ ಅದು, ಹಾಗಾಗಿ ನಾರು ಜಾಸ್ತಿ, ಗಟ್ಟಿ ಜಾಸ್ತಿ. ಜೋರು ಉರಿಯಲ್ಲಿ ಸುಟ್ಟರೆ ಚಪ್ಪಲಿ ತೊಗಲಿನ ಥರ ಆಗುತ್ತೆ. ಆದ್ರೆ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದ್ರೆ ಅವರ ಲೆಕ್ಕದ 225 ಫ್ಯಾರನ್‌ಹೀಟ್‌ನಲ್ಲಿ, ಹತ್ತು ಹನ್ನೆರಡು ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಇಟ್ಟರೆ, ನಾರಿನಲ್ಲಿರೋ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತೆ. ಆಗ ಮಾಂಸ ಬೆರಳಲ್ಲಿ ಮುಟ್ಟಿದ್ರೂ ಬಿಟ್ಟುಕೊಳ್ಳುತ್ತೆ.

ಇದರ ಮಧ್ಯೆ ಒಂದು ಪರೀಕ್ಷೆ ಇದೆ. ಮಾಂಸದ ಒಳಗಿನ ಬಿಸಿ ಏರ್ತಾ ಏರ್ತಾ 65ರಿಂದ 75 ಡಿಗ್ರಿ ಹತ್ರ ಬಂದು ನಿಂತುಬಿಡುತ್ತೆ. ಒಂದು ಗಂಟೆ, ಎರಡು ಗಂಟೆ, ಕೆಲವು ಸಲ ನಾಲ್ಕು ಗಂಟೆ, ಅಲ್ಲಾಡೋದೇ ಇಲ್ಲ. ಅವರು ಇದಕ್ಕೆ ‘ಸ್ಟಾಲ್’ ಅಂತಾರೆ. ಕಾರಣ ನಮಗೆಲ್ಲ ಗೊತ್ತಿರೋದೇ. ಬೇಸಿಗೆಯಲ್ಲಿ ಮಣ್ಣಿನ ಮಡಕೆ ಯಾಕೆ ತಣ್ಣಗಿರುತ್ತೆ? ಹೊರಮೈಯಿಂದ ನೀರು ಆವಿಯಾಗ್ತಾ ಬಿಸಿಯನ್ನ ಹೊತ್ತುಕೊಂಡು ಹೋಗುತ್ತೆ. ಮಾಂಸವೂ ಅಷ್ಟೇ, ಬೆವರುತ್ತೆ. ಬೆಂಕಿ ಕೊಡೋ ಬಿಸಿಯೆಲ್ಲ ಬೆವರು ಆರಿಸೋದಕ್ಕೇ ಹೋಗುತ್ತೆ.

ಹೊಸಬರು ಇಲ್ಲೇ ಗಾಬರಿಯಾಗಿ ಸೌದೆ ತುರುಕ್ತಾರೆ, ಕೆಡಿಸ್ತಾರೆ. ಬಲ್ಲವರು ಸುಮ್ಮನೆ ಕಾಯ್ತಾರೆ. ಆದ್ರೆ ಆ ಹೊತ್ತಿನಲ್ಲೂ ಬೆಂಕಿ ಆರಬಾರದು, ಉಕ್ಕಲೂಬಾರದು. ಗಾಳಿಕಂಡಿ ಸ್ವಲ್ಪ ತೆರೆದರೆ ಉರಿ ಏರುತ್ತೆ, ಮುಚ್ಚಿದರೆ ಇಳಿಯುತ್ತೆ. ಯಾರೋ ಒಬ್ಬರು ಎಚ್ಚರ ಇರಲೇಬೇಕು.

3/8
ಆ ‘ಯಾರೋ ಒಬ್ಬರು’ ಯಾರು ಅನ್ನೋದೇ ಮುಖ್ಯವಾದ ಪ್ರಶ್ನೆ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ದೊಡ್ಡ ದೊಡ್ಡ ಬಾರ್ಬೆಕ್ಯೂ ಔತಣಗಳು ನಡೀತಿದ್ವು. ಜುಲೈ 4ರ ಹಬ್ಬ, ಚುನಾವಣೆ ಸಭೆ, ಶ್ರೀಮಂತರ ಮನೆ ಸಮಾರಂಭ. ಹಿಂದಿನ ದಿನವೇ ನೆಲದಲ್ಲಿ ಉದ್ದನೆಯ ಗುಂಡಿ ತೋಡಬೇಕು, ಸೌದೆ ಉರಿಸಿ ಕೆಂಡ ಮಾಡಬೇಕು, ರಾತ್ರಿಯಿಡೀ ಮಾಂಸ ತಿರುಗಿಸಬೇಕು. ಈ ಕೆಲಸದ ಬಹುಪಾಲು ಮಾಡ್ತಿದ್ದವರು ಗುಲಾಮಗಿರಿಯಲ್ಲಿದ್ದ ಕಪ್ಪು ಜನ. ಬೆಳಗ್ಗೆ ಬಂದು ತಿಂದು ಹೊಗಳಿಸಿಕೊಳ್ತಿದ್ದವರು ಬೇರೆಯವರು.

1930ರ ದಶಕದಲ್ಲಿ ಅಮೆರಿಕ ಸರ್ಕಾರದ ಒಂದು ಯೋಜನೆಯಡಿ, ಹಿಂದೆ ಗುಲಾಮರಾಗಿದ್ದು ಆಗ ಮುಪ್ಪಾಗಿದ್ದವರನ್ನ ಭೇಟಿಯಾಗಿ ಅವರ ಮಾತು ಬರೆದುಕೊಂಡ್ರು. 2,300ಕ್ಕೂ ಹೆಚ್ಚು ಜನರ ನೆನಪುಗಳು ಅದರಲ್ಲಿವೆ. ಸೌತ್ ಕ್ಯಾರೊಲಿನಾದ ವೆಸ್ಲಿ ಜೋನ್ಸ್ ಅನ್ನೋ ಅಜ್ಜ ಅವರಲ್ಲಿ ಒಬ್ಬರು. ಬಾರ್ಬೆಕ್ಯೂ ಹಿಂದಿನ ರಾತ್ರಿ ತಾನು ನಿದ್ದೆ ಮಾಡದೆ ಮಾಂಸ ಬೇಯಿಸ್ತಾ, ಅದಕ್ಕೆ ಮಸಾಲೆ ರಸ ಸವರ್ತಾ ಇರ್ತಿದ್ದೆ ಅಂತ ಅವರು ಹೇಳಿದ್ದಾರೆ.

ಒಂದು ಕ್ಷಣ ನಿಲ್ಲಿ. ಅವರ ಕೈಯಲ್ಲಿ ಥರ್ಮಾಮೀಟರ್ ಇರಲಿಲ್ಲ. ಕೆಂಡದ ಬಣ್ಣ, ಹೊಗೆಯ ವಾಸನೆ, ಕೊಬ್ಬು ತೊಟ್ಟಿಕ್ಕಿದಾಗ ಬರೋ ಸದ್ದು, ಇವೇ ಅವರ ಮೀಟರ್‌ಗಳು. ಇವತ್ತು ಆ್ಯಪ್ ಮಾಡೋ ಕೆಲಸವನ್ನ ಆವತ್ತು ಒಬ್ಬ ಮನುಷ್ಯನ ಕಣ್ಣು, ಮೂಗು, ಕಿವಿ ಮಾಡ್ತಿದ್ವು. ಮತ್ತು ಆ ಮನುಷ್ಯನಿಗೆ ‘ನನಗೆ ನಿದ್ದೆ ಬರ್ತಿದೆ’ ಅನ್ನೋ ಹಕ್ಕು ಇರಲಿಲ್ಲ.

4/8
ಈಗ ಸ್ವಲ್ಪ ಹಿಂದಕ್ಕೆ, ಯುರೋಪಿಗೆ ಹೋಗೋಣ. ಬೆಂಕಿಯನ್ನ ಬೆಂಕಿಯೇ ಕಾಯೋ ಹಾಗೆ ಮಾಡಬಹುದಾ ಅಂತ ಯೋಚಿಸಿದ ಒಬ್ಬ ಇದ್ದ.

ಹೆಸರು ಕಾರ್ನೀಲಿಸ್ ಡ್ರೆಬೆಲ್. ಹುಟ್ಟಿದ್ದು 1572ರಲ್ಲಿ, ಈಗಿನ ನೆದರ್‌ಲ್ಯಾಂಡ್ಸ್‌ನ ಆಲ್ಕ್‌ಮಾರ್‌ನಲ್ಲಿ. ಬದುಕಿನ ದೊಡ್ಡ ಭಾಗ ಕಳೆದದ್ದು ಲಂಡನ್‌ನಲ್ಲಿ. 1620ರ ಸುಮಾರಿಗೆ ಥೇಮ್ಸ್ ನದಿಯಲ್ಲಿ ನೀರೊಳಗೆ ಚಲಿಸೋ ದೋಣಿ ಓಡಿಸಿದ ಪುಣ್ಯಾತ್ಮ ಈತನೇ. ನಮ್ಮ ಕಥೆಗೆ ಬೇಕಾಗಿರೋದು ಅವನ ಇನ್ನೊಂದು ಸಾಧನ: ಕೋಳಿಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೆ.

ಮೊಟ್ಟೆ ಮರಿಯಾಗಬೇಕಾದ್ರೆ ಹಲವು ದಿನ ಒಂದೇ ಸಮನಾದ ಬಿಸಿ ಬೇಕು. ಡ್ರೆಬೆಲ್ ಪೆಟ್ಟಿಗೆಯೊಳಗೆ ಮದ್ಯಸಾರ ಮತ್ತು ಪಾದರಸ ತುಂಬಿದ ಗಾಜಿನ ಕೊಳವೆ ಇಟ್ಟ. ಬಿಸಿ ಹೆಚ್ಚಾದರೆ ಮದ್ಯಸಾರ ಹಿಗ್ಗುತ್ತೆ, ಪಾದರಸವನ್ನ ಮೇಲಕ್ಕೆ ತಳ್ಳುತ್ತೆ, ಪಾದರಸ ಒಂದು ಕಡ್ಡಿಯನ್ನ ಎತ್ತುತ್ತೆ, ಕಡ್ಡಿ ಗಾಳಿಕಂಡಿಯ ಮುಚ್ಚಳ ಮುಚ್ಚುತ್ತೆ. ಗಾಳಿ ಕಮ್ಮಿ ಆಗಿ ಉರಿ ತಗ್ಗುತ್ತೆ. ತಣ್ಣಗಾದರೆ ಎಲ್ಲ ಉಲ್ಟಾ.

ಓದ್ತಾ ಏನಾದ್ರೂ ಹೊಳೀತಾ? ಗಾಳಿಕಂಡಿ, ಬೆಂಕಿಗೂಡು, ಬಿಸಿ ಅಳೆಯೋ ಕೊಳವೆ. ಮೊದಲ ಫೋಟೊದ ಸ್ಮೋಕರ್‌ನಲ್ಲಿ ಇರೋದೂ ಇದೇ. ನಾಲ್ಕು ನೂರು ವರ್ಷದ ಹಿಂದೆ ಕೋಳಿಮರಿಗಾಗಿ ಹುಟ್ಟಿದ ಉಪಾಯ ಅದು. ಆದ್ರೆ ಡ್ರೆಬೆಲ್‌ನ ಪೆಟ್ಟಿಗೆ ದೂರದಲ್ಲಿರೋರಿಗೆ ಏನನ್ನೂ ಹೇಳ್ತಿರಲಿಲ್ಲ. ಸರಿಯಾಗಿದೆಯಾ ಅಂತ ನೋಡೋಕೆ ನಡ್ಕೊಂಡು ಹೋಗ್ಲೇಬೇಕಿತ್ತು.

5/8
‘ದೂರಕ್ಕೆ ಹೇಳೋ’ ಕೆಲಸ ಶುರುವಾಗಿದ್ದು ಒಂದು ಕ್ಲಾಸ್‌ರೂಮಿನಲ್ಲಿ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಶಿಕ್ಷಕರ ತರಬೇತಿ ಶಾಲೆ ಇತ್ತು. ವಾರನ್ ಜಾನ್ಸನ್ ಅಲ್ಲಿ ಮೇಷ್ಟ್ರು. ಅಲ್ಲಿಯ ಚಳಿಗೆ ಕೋಣೆಗಳನ್ನ ಬೆಚ್ಚಗಿಡಬೇಕು, ಬೆಂಕಿ ಇರೋದು ನೆಲಮಾಳಿಗೆಯಲ್ಲಿ. ಜವಾನ ಒಂದೊಂದು ಕ್ಲಾಸಿಗೂ ಬಂದು ಬಿಸಿ ಎಷ್ಟಿದೆ ಅಂತ ನೋಡಿ, ಮತ್ತೆ ಕೆಳಗಿಳಿದು ಗಾಳಿಕಂಡಿ ಸರಿಮಾಡಬೇಕು. ಪಾಠಕ್ಕೂ ಅಡ್ಡಿ, ಅವನ ಕಾಲಿಗೂ ನೋವು. 1883ರಲ್ಲಿ ಜಾನ್ಸನ್ ಪೇಟೆಂಟ್ ಪಡೆದ ವಿದ್ಯುತ್ ಸಾಧನ ಕೋಣೆಯಲ್ಲಿ ಬಿಸಿ ಏರುಪೇರಾದರೆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸ್ತಿತ್ತು. ನಿಮ್ಮ ಫೋನಿನ ಅಲರ್ಟ್‌ನ ಮುತ್ತಾತ ಅಂದ್ಕೊಳ್ಳಿ.

ಗಂಟೆ ಕೇಳಿ ಕೆಲಸ ಮಾಡೋಕೆ ಮನುಷ್ಯ ಬೇಕಿತ್ತಲ್ಲ? ಮಿನಿಯಾಪೊಲಿಸ್‌ನ ಆಲ್ಬರ್ಟ್ ಬಟ್ಜ್ ಅದಕ್ಕೂ ದಾರಿ ಹುಡುಕಿದ. ಕೋಣೆ ತಣ್ಣಗಾದ ಕೂಡಲೇ ಒಂದು ಮೋಟಾರ್ ಅರ್ಧ ಸುತ್ತು ತಿರುಗಿ, ಸರಪಳಿ ಎಳೆದು, ಕುಲುಮೆಯ ಗಾಳಿಕಂಡಿ ತೆರೀತಿತ್ತು. ಪೇಟೆಂಟ್ 1886ರದ್ದು.

ಇನ್ನೊಂದು ಕೊರತೆ ಉಳೀತು: ಹದ. ಬರೀ ‘ತೆರೆ, ಮುಚ್ಚು’ ಅಂದ್ರೆ ಬಿಸಿ ಉಯ್ಯಾಲೆ ಆಡುತ್ತೆ. 1922ರಲ್ಲಿ ನಿಕೊಲಸ್ ಮಿನೊರ್ಸ್ಕಿ ಹಡಗಿನ ಚುಕ್ಕಾಣಿ ತಾನಾಗೇ ತಿರುಗೋ ಬಗ್ಗೆ ಒಂದು ಪ್ರಬಂಧ ಬರೆದ. ನುರಿತ ಚುಕ್ಕಾಣಿಗಾರ ದಾರಿ ಎಷ್ಟು ತಪ್ಪಿದೆ ಅಂತ ಮಾತ್ರ ನೋಡಲ್ಲ. ಎಷ್ಟು ಹೊತ್ತಿಂದ ತಪ್ಪಿದೆ, ಎಷ್ಟು ವೇಗವಾಗಿ ತಪ್ಪುತ್ತಿದೆ ಅಂತಲೂ ಲೆಕ್ಕ ಹಾಕ್ತಾನೆ. ಈ ಮೂರು ಲೆಕ್ಕ ಸೇರಿದ್ದೇ ಪಿಐಡಿ. ಎಂಜಿನಿಯರಿಂಗ್ ಗೆಳೆಯರೇ, ಕಂಟ್ರೋಲ್ ಸಿಸ್ಟಮ್ಸ್ ಪೇಪರ್‌ನಲ್ಲಿ ನಿಮ್ಮನ್ನ ಕಾಡೋದು ಇದೇ. ಒಬ್ಬ ಅನುಭವಿ ಮನುಷ್ಯನ ಹದವನ್ನ ಸೂತ್ರ ಮಾಡಿದ್ದು ಅಂತ ನೆನಪಿಟ್ಟುಕೊಂಡ್ರೆ ಸ್ವಲ್ಪ ಸುಲಭ ಆಗಬಹುದು.

6/8
ಇನ್ನು ಇಂಟರ್ನೆಟ್. ಇದು ಶುರುವಾಗಿದ್ದು ನಮ್ಮಂಥ ಸೋಮಾರಿ ವಿದ್ಯಾರ್ಥಿಗಳಿಂದ. ನಿಜವಾಗ್ಲೂ!

1982ರ ಹೊತ್ತಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹುಡುಗರು ತಮ್ಮ ವಿಭಾಗದ ಕೋಕ್ ಮಷೀನನ್ನ ಕಂಪ್ಯೂಟರ್‌ಗೆ ಜೋಡಿಸಿದ್ರು. ಬಾಟಲಿ ಇದೆಯಾ, ಇದ್ರೆ ತಣ್ಣಗಾಗಿದೆಯಾ ಅಂತ ಕೂತಲ್ಲೇ ನೋಡಬಹುದಿತ್ತು. ಮೆಟ್ಟಿಲು ಇಳಿದು ಹೋಗಿ ಬರಿಗೈಲಿ ವಾಪಸ್ ಬರೋದು ತಪ್ಪಿತು.

1990ರಲ್ಲಿ ಜಾನ್ ರಾಮ್ಕಿ, ‘ಇಂಟರಾಪ್’ ಅನ್ನೋ ತಂತ್ರಜ್ಞಾನ ಮೇಳದಲ್ಲಿ ಒಂದು ಬ್ರೆಡ್ ಟೋಸ್ಟರ್ ತಂದಿಟ್ಟ. ಇಂಟರ್ನೆಟ್ ಮೂಲಕ ಆನ್, ಆಫ್ ಮಾಡಬಹುದಿತ್ತು. ಬ್ರೆಡ್ ಹಾಕೋಕೆ ಮಾತ್ರ ಮನುಷ್ಯನೇ ಬೇಕಿತ್ತು. ಮುಂದಿನ ವರ್ಷ ಅದಕ್ಕೂ ಒಂದು ಪುಟ್ಟ ಕ್ರೇನ್ ಸೇರಿಸಿದ್ರು.

1991ರಲ್ಲಿ ಕೇಂಬ್ರಿಡ್ಜ್‌ನ ಕಂಪ್ಯೂಟರ್ ಲ್ಯಾಬ್‌ನವರು ಕಾಫಿ ಪಾತ್ರೆ ಎದುರು ಕ್ಯಾಮೆರಾ ಇಟ್ರು. ಪಾತ್ರೆ ಖಾಲಿಯಾಗಿದೆಯಾ ಅಂತ ನೋಡೋಕೆ. 1993ರಲ್ಲಿ ಅದು ವೆಬ್‌ಗೆ ಬಂತು, ಜಗತ್ತೇ ಆ ಪಾತ್ರೆ ನೋಡ್ತಾ ಕೂತಿತು. 2001ರಲ್ಲಿ ಕ್ಯಾಮೆರಾ ಆರಿಸಿದಾಗ ಆ ಪಾತ್ರೆ ಹರಾಜಿನಲ್ಲಿ 3,350 ಪೌಂಡ್‌ಗೆ ಹೋಯ್ತು.

ಗಮನಿಸಿ, ಇಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ. ಕೋಕ್ ಮತ್ತು ಕಾಫಿ ‘ದೂರದಿಂದ ನೋಡೋದು’. ಟೋಸ್ಟರ್ ‘ದೂರದಿಂದ ಆಡಿಸೋದು’. ನೋಡೋದ್ರಲ್ಲಿ ತಪ್ಪಾದ್ರೆ ಕಾಫಿ ಸಿಗಲ್ಲ. ಆಡಿಸೋದ್ರಲ್ಲಿ ತಪ್ಪಾದ್ರೆ, ಅದೂ ಬೆಂಕಿಯ ವಿಷಯದಲ್ಲಿ, ಮನೆ ಸುಡಬಹುದು.

7/8
ಈ ಎಲ್ಲ ಎಳೆಗಳೂ ಕೊನೆಗೆ ಸ್ಮೋಕರ್ ಹತ್ರ ಬಂದು ಸೇರ್ತವೆ.

ಒಂದು ದಾರಿ ಆರಿಗನ್ ರಾಜ್ಯದ ಜೋ ಟ್ರೇಗರ್‌ದು. 1986ರಲ್ಲಿ ಅವರಿಗೆ ಪೆಲೆಟ್ ಗ್ರಿಲ್‌ನ ಪೇಟೆಂಟ್ ಸಿಕ್ತು. ಮರದ ಪುಡಿಯನ್ನ ಒತ್ತಿ ಮಾಡಿದ ಪುಟ್ಟ ಉಂಡೆಗಳನ್ನ ತಿರುಪಿನಂಥ ಕಡ್ಡಿ ತಳ್ಳಿ ತಳ್ಳಿ ಬೆಂಕಿಗೆ ಹಾಕುತ್ತೆ. ಸೌದೆ ಒಟ್ಟೋ ಕೈಯೇ ಬೇಡ. ಅದಕ್ಕೆ 2010ರ ದಶಕದಲ್ಲಿ ವೈಫೈ ಸೇರ್ತು, ಆ್ಯಪ್ ಬಂತು.

ಇನ್ನೊಂದು ದಾರಿ ಹವ್ಯಾಸಿಗಳದ್ದು. ‘ಹೀಟರ್‌ಮೀಟರ್’ ಅನ್ನೋ ಓಪನ್ ಸೋರ್ಸ್ ಯೋಜನೆ ನೋಡಿ. ಪುಟ್ಟ ಸರ್ಕ್ಯೂಟ್ ಬೋರ್ಡ್, ರಾಸ್ಪ್‌ಬೆರಿ ಪೈ, ಒಂದು ಫ್ಯಾನ್, ಗಾಳಿಕಂಡಿ ತಿರುಗಿಸೋ ಸರ್ವೊ ಮೋಟಾರ್. ಹಳೇ ಇದ್ದಿಲು ಸ್ಮೋಕರ್‌ಗೇ ಇದನ್ನ ಜೋಡಿಸಿ, ಬ್ರೌಸರ್‌ನಲ್ಲಿ ಬಿಸಿಯ ಗ್ರಾಫ್ ನೋಡಬಹುದು. ಡ್ರೆಬೆಲ್‌ನ ಮುಚ್ಚಳ, ಜಾನ್ಸನ್‌ನ ಗಂಟೆ, ಬಟ್ಜ್‌ನ ಮೋಟಾರ್, ಮಿನೊರ್ಸ್ಕಿಯ ಲೆಕ್ಕ, ಎಲ್ಲವೂ ಅಂಗೈಯಗಲದಲ್ಲಿ.

ನೀವೇ ಇಂಥದ್ದೊಂದು ಪ್ರಾಜೆಕ್ಟ್ ಮಾಡ್ತೀರಾ ಅಂದ್ರೆ ಒಂದು ಮಾತು. ಬೆಂಕಿಯ ಹದ ನೋಡೋ ಬುದ್ಧಿ ಬೆಂಕಿ ಪಕ್ಕದ ಡಬ್ಬಿಯಲ್ಲೇ ಇರಬೇಕು, ಕ್ಲೌಡ್‌ನಲ್ಲಲ್ಲ. ವೈಫೈ ಹೋದ್ರೂ ಫ್ಯಾನ್ ತನ್ನ ಕೆಲಸ ಮಾಡ್ತಾ ಇರಬೇಕು. ಸೆನ್ಸರ್ ಕಳಚಿ ಬಿದ್ರೆ ಡಬ್ಬಿ ‘ಅಯ್ಯೋ ತಣ್ಣಗಾಯ್ತು’ ಅಂತ ಗಾಳಿ ಊದ್ತಾನೇ ಇರುತ್ತೆ, ಅದನ್ನ ಗುರುತಿಸಿ ನಿಲ್ಲಿಸೋ ಕೋಡ್ ಬೇಕು. ಬಾಗಿಲಿಗೆ ಬೀಗವೂ ಬೇಕು. 2024ರಲ್ಲಿ ಭದ್ರತಾ ಸಂಶೋಧಕರು ಇಂಟರ್ನೆಟ್‌ಗೆ ಜೋಡಿಸಿದ ಗ್ರಿಲ್ ಒಂದರ ಬಿಸಿಯನ್ನ ಮಾಲೀಕರಲ್ಲದವರೂ ಬದಲಾಯಿಸಬಹುದಾಗಿತ್ತು ಅಂತ ತೋರಿಸಿದ್ರು. ನಿಮ್ಮ ಒಲೆ, ಬೇರೆಯವರ ಬೆರಳು. ಯೋಚಿಸಿ.

8/8
ಟೆಕ್ಸಾಸ್‌ನ ಲೆಕ್ಸಿಂಗ್ಟನ್ ಅನ್ನೋ ಸಣ್ಣ ಊರಲ್ಲಿ ಟೂಟ್ಸಿ ಟೊಮನೆಟ್ಜ್ ಅನ್ನೋ ಅಜ್ಜಿ ಹೆಸರುವಾಸಿ. 1966ರಿಂದ ಬಾರ್ಬೆಕ್ಯೂ ಮಾಡಿದವರು. ವಾರದ ದಿನಗಳಲ್ಲಿ ಶಾಲೆಯಲ್ಲಿ ಸ್ವಚ್ಛತೆ, ದುರಸ್ತಿ ಕೆಲಸ. 80 ದಾಟಿದ ಮೇಲೂ ಶನಿವಾರ ರಾತ್ರಿ ಎರಡು ಗಂಟೆಗೆ ಬಂದು, ಸಲಿಕೆಯಲ್ಲಿ ಕೆಂಡ ಹೊತ್ತು ಹಾಕ್ತಿದ್ರು. ಆ್ಯಪ್ ಇಲ್ಲ. ಕೈಯನ್ನ ಕಬ್ಬಿಣದ ಹತ್ರ ಹಿಡಿದ್ರೆ ಸಾಕು, ಬಿಸಿ ಗೊತ್ತಾಗ್ತಿತ್ತು. ಅವರು ಎಚ್ಚರ ಇದ್ದದ್ದು ತಮ್ಮ ಇಷ್ಟದಿಂದ. ವೆಸ್ಲಿ ಜೋನ್ಸ್ ಎಚ್ಚರ ಇದ್ದದ್ದು ಬೇರೆಯವರ ಆಜ್ಞೆಯಿಂದ. ಎರಡೂ ಎಚ್ಚರವೇ, ಆದ್ರೆ ಒಂದೇ ಅಲ್ಲ.

ನನಗೆ ಈ ಕಥೆ ಯಾಕೆ ತಾಗ್ತು ಅಂದ್ರೆ, ನಮ್ಮ ಅಜ್ಜ. ತೋಟದ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬರ್ತಿದ್ದದ್ದು ರಾತ್ರಿ. ಒಂದು ಗಂಟೆಗೋ ಎರಡು ಗಂಟೆಗೋ ಟಾರ್ಚ್ ಹಿಡ್ಕೊಂಡು, ಹಾವಿಗೆ ಹೆದರಿ ಕೋಲು ಕುಟ್ತಾ ಹೋಗಿ ಮೋಟಾರ್ ಹಾಕಿ ಬರ್ತಿದ್ರು. ಆಮೇಲೆ ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್ ತಂದ್ವಿ. ಕಾಲ್ ಮಾಡಿದ್ರೆ ಮೋಟಾರ್ ಆನ್. ಸ್ಮೋಕರ್ ಯಜಮಾನನ ದಿಂಬಿನ ಪಕ್ಕ ಇದ್ದ ಫೋನ್, ಅಜ್ಜನ ದಿಂಬಿನ ಪಕ್ಕಕ್ಕೂ ಬಂತು.

ಮೊದಲ ವಾರ ಅಜ್ಜ ಕಾಲ್ ಮಾಡಿ, ಆಮೇಲೂ ಟಾರ್ಚ್ ತಗೊಂಡು ಹೋಗಿ ನೋಡಿ ಬರ್ತಿದ್ರು. ‘ಯಾಕಜ್ಜ, ಆನ್ ಆಗಿದೆ ಅಂತ ಅದೇ ಹೇಳ್ತಲ್ಲ?’ ಅಂದ್ರೆ, ‘ಅದು ಹೇಳುತ್ತಪ್ಪ. ನೀರು ಬಿದ್ದ ಸದ್ದು ಕೇಳ್ಬೇಕಲ್ಲ’ ಅಂದ್ರು. ಎರಡನೇ ವಾರದಿಂದ ಮಲಗಿದ್ರು. ಅವರು ಬೆಳಗಿನವರೆಗೆ ಗೊರಕೆ ಹೊಡೆದಿದ್ದನ್ನ ನಾನು ಕೇಳಿದ್ದು ಅದೇ ಮೊದಲು.

ನಿಮ್ಮ ಮನೆಯಲ್ಲಿ ಯಾರು ಯಾವುದಕ್ಕೆ ರಾತ್ರಿಯಿಡೀ ಕಾಯ್ತಿದ್ರು? ಇವತ್ತೇ ಕೇಳಿ. ಕಾಮೆಂಟ್‌ನಲ್ಲಿ ಬರೀರಿ, ನಾನು ಎಲ್ಲವನ್ನೂ ಓದ್ತೀನಿ.

#ಇತಿಹಾಸಸರಣಿ #ಬೆಂಕಿಕಾಯೋರು #ಕನ್ನಡದಲ್ಲಿತಂತ್ರಜ್ಞಾನ